ಅರಳುಮರಳಿನ ಆರೈಕೆಗೆ ದೂರವಾಣಿಯ ಆಸರೆ

ಈಗ ತಾನೆ ಊಟ ಮುಗಿಸಿದ ಮಾವನವರು ‘ನನಗೆ ಯಾರೂ ಅನ್ನ ಹಾಕಲಿಲ್ಲ’ ಎಂದು ನೆರೆಯವರಿಗೆಲ್ಲ ಹೇಳುತ್ತಾರೆ. ಸಂಜೆಯಾದರೆ ‘ನನ್ನ ಮನೆಗೆ ಹೋಗಬೇಕು’ ಎಂದು ಚಪ್ಪಲಿ ಮೆಟ್ಟಿ ಹೊರಟು ನಿಲ್ಲುತ್ತಾರೆ. ಐವತ್ತು ವರ್ಷ ಬಾಳಿದ ಮನೆ ಅದೇ ಆಗಿರುತ್ತದೆ! ಅರವತ್ತಕ್ಕೆ ಅರಳುಮರಳು ಎಂದು ಇದನ್ನು ತಳ್ಳಿಹಾಕುವ ರೂಢಿ ನಮ್ಮಲ್ಲಿದೆ. ಆದರೆ ಇದು ವಯೋಸಹಜ ಮರೆವಲ್ಲ, ಮಿದುಳಿನ ಕಾಯಿಲೆ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಈ ತೊಂದರೆಯಿದೆ.

ಇವರನ್ನು ನೋಡಿಕೊಳ್ಳುವವರು ಹೆಚ್ಚಾಗಿ ಮನೆಯ ಹೆಂಗಸರೇ. ಆಕೆ ಹೊಸ್ತಿಲು ದಾಟುವಂತಿಲ್ಲ. ರೋಗಿಯನ್ನು ಬಸ್ಸಿನಲ್ಲಿ ದೂರದ ಆಸ್ಪತ್ರೆಗೆ ಕರೆದೊಯ್ದರೆ ಗೊಂದಲ ಇನ್ನಷ್ಟು ಕೆರಳುತ್ತದೆ. ಇಂಥ ಕಡೆ ಕೈಯಲ್ಲಿರುವ ಮೊಬೈಲ್ ಫೋನು ನಿಜವಾದ ಉಪಕಾರ ಮಾಡಬಲ್ಲದು.

ಮೊದಲ ತಪಾಸಣೆ ಮಾತ್ರ ವೈದ್ಯರ ಎದುರಿಗೇ ಆಗಬೇಕು. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಖಿನ್ನತೆ ಇವೂ ಮರೆವಿನ ವೇಷದಲ್ಲಿ ಬರುವುದುಂಟು, ಇವುಗಳಿಗೆ ಚಿಕಿತ್ಸೆಯಿದೆ. ಮುಂದಿನ ಸಲಹೆಗಳನ್ನು ಬಹುಮಟ್ಟಿಗೆ ವಿಡಿಯೋ ಕರೆಯಲ್ಲೇ ಪಡೆಯಬಹುದು. 2020ರ ಮಾರ್ಚಿನಲ್ಲಿ ಹೊರಬಂದ ದೂರವೈದ್ಯಕೀಯ ಮಾರ್ಗಸೂಚಿಯಂತೆ, ತಾನೇ ಒಪ್ಪಿಗೆ ಕೊಡಲಾಗದ ರೋಗಿಯ ಪರವಾಗಿ ನೋಡಿಕೊಳ್ಳುವವರು ವೈದ್ಯರೊಡನೆ ಮಾತನಾಡಬಹುದು.

ಇಲ್ಲೊಂದು ಕಿವಿಮಾತು. ವೈದ್ಯರ ಮುಂದೆ ಕುಳಿತಾಗ ರೋಗಿ ಎಷ್ಟೋ ಸಲ ನಗುನಗುತ್ತ, ನೆಟ್ಟಗೆ ಮಾತನಾಡಿ ಸೊಸೆಯನ್ನೇ ಸುಳ್ಳುಗಾತಿಯನ್ನಾಗಿ ಮಾಡಿಬಿಡುತ್ತಾರೆ. ಆದ್ದರಿಂದ ಸಂಜೆಯ ಗಲಾಟೆಯನ್ನು ಒಂದು ನಿಮಿಷ ಫೋನಿನಲ್ಲಿ ಚಿತ್ರಿಸಿಕೊಳ್ಳಿ. ಎಷ್ಟು ಹೊತ್ತಿಗೆ ಆಯಿತು, ಅಂದು ನಿದ್ದೆ, ಊಟ, ಮಲವಿಸರ್ಜನೆ ಹೇಗಿತ್ತು ಎಂದು ಬರೆದಿಡಿ. ಮಲಬದ್ಧತೆ, ಹಲ್ಲುನೋವು, ಕೋಣೆಯ ಮಬ್ಬು ಬೆಳಕು, ಇಷ್ಟು ಸಣ್ಣ ಕಾರಣಕ್ಕೂ ಸಿಡುಕು ಬರುತ್ತದೆ. ಕಾರಣ ಸಿಕ್ಕರೆ ಎಷ್ಟೋ ವೇಳೆ ಮಾತ್ರೆಯೇ ಬೇಕಾಗುವುದಿಲ್ಲ. ಆ ಚಿತ್ರ ವೈದ್ಯರಿಗೆ ಮಾತ್ರ. ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿ ಹಿರಿಯರ ಮಾನ ಕಳೆಯಬೇಡಿ.

ಆದರೆ ಒಂದೆರಡು ದಿನಗಳಲ್ಲೇ ಹಠಾತ್ತನೆ ಗೊಂದಲ ಹೆಚ್ಚಿದರೆ, ಮಂಕಾದರೆ, ಜ್ವರ ಬಂದರೆ ಫೋನಿನ ಸಲಹೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೂತ್ರದ ಸೋಂಕು ವೃದ್ಧರಲ್ಲಿ ಹೀಗೆಯೇ ಕಾಣಿಸಿಕೊಳ್ಳಬಹುದು.

ಇನ್ನು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳ ವಿಷಯ. ‘ಅಪ್ಪನನ್ನು ಚೆನ್ನಾಗಿ ನೋಡಿಕೊಳ್ಳಿ’ ಎಂದು ಫೋನಿನಲ್ಲಿ ಬುದ್ಧಿ ಹೇಳುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಔಷಧಿ ತರಿಸುವುದು, ವೈದ್ಯರ ಸಮಯ ಗೊತ್ತುಪಡಿಸುವುದು, ಬಿಲ್ಲು ಕಟ್ಟುವುದು, ಹಗಲಿಗೊಬ್ಬ ಸಹಾಯಕಿಯ ಸಂಬಳ ಕೊಡುವುದು, ಇವೆಲ್ಲ ದೂರದಿಂದಲೇ ಆಗುವ ಕೆಲಸಗಳು. ದಿನವೂ ಗೊತ್ತಾದ ಹೊತ್ತಿಗೆ ಅರ್ಧ ಗಂಟೆ ವಿಡಿಯೋ ಕರೆಯಲ್ಲಿ ಅಪ್ಪನೊಡನೆ ಹರಟಿರಿ. ಅಷ್ಟು ಹೊತ್ತು ಮನೆಯಾಕೆ ಪಕ್ಕದ ಕೋಣೆಯಲ್ಲಿ ಕಾಲು ಚಾಚಲಿ. ‘ನಾನು ಯಾರು ಹೇಳಿ ನೋಡೋಣ’ ಎಂದು ಪರೀಕ್ಷಿಸಬೇಡಿ. ನೀವೇ ಹೆಸರು ಹೇಳಿ ಮಾತು ಆರಂಭಿಸಿ, ಹಳೆಯ ಫೋಟೋ ತೋರಿಸಿ. ಕಾಯಿಲೆ ಬಲಿತಾಗ ಕೆಲವರು ಪರದೆಯ ಮುಖ ಕಂಡು ಹೆದರುತ್ತಾರೆ. ಆಗ ದನಿಯಷ್ಟೇ ಸಾಕು.

ಮನೆ ಬಿಟ್ಟು ಹೋಗುವವರಿಗೆ ಜಾಗ ತೋರಿಸುವ ಕೈಗಡಿಯಾರಗಳಿವೆ. ಅದನ್ನು ಚಾರ್ಜ್ ಮಾಡಲು ಮರೆತರೆ ಕೆಲಸಕ್ಕೆ ಬಾರದು. ಬಾಗಿಲಿಗೊಂದು ಗಂಟೆ, ಅಂಗಿಯ ಒಳಗೆ ಹೊಲಿದ ಫೋನ್ ನಂಬರು ಇವನ್ನೂ ಬಿಡಬೇಡಿ. ಕ್ಯಾಮೆರಾ ಹಾಕಿಸುವುದಾದರೆ ಹಜಾರಕ್ಕೆ ಸಾಕು, ಬಚ್ಚಲಿಗೂ ಮಲಗುವ ಕೋಣೆಗೂ ಬೇಡ. ಮನೆಯಾಕೆಯ ಮೇಲೆ ಕಣ್ಣಿಡಲು ಅದನ್ನು ಬಳಸಲೂಬಾರದು.

ನೋಡಿಕೊಳ್ಳುವವರಿಗೂ ಸಿಟ್ಟು, ಅಳು, ನಿದ್ದೆಗೇಡು ಬರುತ್ತದೆ, ಅದರಲ್ಲಿ ನಾಚಿಕೆಪಡುವಂಥದೇನಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ರೋಗಿಯ ಕಿವಿಗೆ ಬೀಳದ ಕಡೆ ಕುಳಿತು, ಅವರು ಮಲಗಿದ ಮೇಲೆ ಮಾತನಾಡುವುದು ಮೇಲು.