ಕೊಳವೆಬಾವಿಯ ಪೈಪು ಎತ್ತುವ ಕ್ಲಾಂಪು: ಜನಪದ ತಂತ್ರಜ್ಞಾನದ ಒಂದು ನೆಲೆ

ಜಾನಪದವೆಂದರೆ ಹಾಡು, ಕತೆ, ಗಾದೆ, ಒಗಟುಗಳ ಸಂಗ್ರಹವೆಂಬ ಗ್ರಹಿಕೆಯನ್ನು ನಮ್ಮ ವಿದ್ವಾಂಸರು ಬಹಳ ಹಿಂದೆಯೇ ದಾಟಿದ್ದಾರೆ. ೧೯೭೨ರಲ್ಲಿ ರಿಚರ್ಡ್ ಡಾರ್ಸನ್ ಸಂಪಾದಿಸಿದ ‘ಫೋಕ್‌ಲೋರ್ ಅಂಡ್ ಫೋಕ್‌ಲೈಫ್’ ಗ್ರಂಥವು ಮೌಖಿಕ ಸಾಹಿತ್ಯ, ಭೌತಿಕ ಸಂಸ್ಕೃತಿ, ಸಾಮಾಜಿಕ ಆಚರಣೆ ಹಾಗೂ ಪ್ರದರ್ಶನ ಕಲೆಗಳೆಂಬ ನಾಲ್ಕು ವಲಯಗಳನ್ನು ಗುರುತಿಸಿತು. ಕನ್ನಡದಲ್ಲಿಯೂ ನೇಗಿಲು, ಕೂರಿಗೆ, ಗಾಣ, ಏತ, ಕಪಿಲೆಗಳನ್ನು ಕುರಿತ ಬರೆಹಗಳು ಬಂದಿವೆ. ಆದರೆ ಭೌತಿಕ ಸಂಸ್ಕೃತಿಯ ಅಧ್ಯಯನ ಬಹುಮಟ್ಟಿಗೆ ಬಳಕೆ ತಪ್ಪಿದ ಅಥವಾ ತಪ್ಪುತ್ತಿರುವ ವಸ್ತುಗಳ ಕಡೆಗೇ ವಾಲಿದೆ. ಕೊಳವೆಬಾವಿಯ ಬಾಯಿಯ ಬಳಿ ಬಿದ್ದಿರುವ ಎರಡು ಜೊತೆ ಕಬ್ಬಿಣದ ಪಟ್ಟಿಗಳು ಕಾರ್ಖಾನೆಯ ಯುಗಕ್ಕೆ ಸೇರಿದವೆಂಬ ಕಾರಣಕ್ಕೆ ನಮ್ಮ ಗಮನದಿಂದ ಹೊರಗುಳಿದಿವೆ. ಪೈಪನ್ನು ಹಿಡಿದು ಎತ್ತುವ ಈ ಕ್ಲಾಂಪಿನ ರಚನೆ, ಬಳಕೆಯ ಕ್ರಮ ಮತ್ತು ಅದರ ಸುತ್ತ ಬೆಳೆದಿರುವ ತಿಳಿವಳಿಕೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಎತ್ತುವುದು ಮತ್ತು ಹಿಡಿಯುವುದು

ಬಾವಿಯಿಂದ ಏನನ್ನಾದರೂ ಮೇಲೆತ್ತುವ ಕ್ರಿಯೆಯಲ್ಲಿ ಎರಡು ಅಂಗಗಳಿವೆ. ಒಂದು ಭಾರವನ್ನು ಎಳೆಯುವುದು, ಇನ್ನೊಂದು ಭಾರವನ್ನು ಹಿಡಿದುಕೊಳ್ಳುವುದು. ರಾಟೆ, ಏತ, ಕಪಿಲೆಗಳು ಎಳೆಯುವ ಸಾಧನಗಳು. ಇಕ್ಕುಳ, ಕೊಕ್ಕೆ, ಪಾತಾಳಗರಡಿಗಳು ಹಿಡಿಯುವ ಸಾಧನಗಳು. ಬಸವಣ್ಣನವರ ಒಂದು ಪ್ರಸಿದ್ಧ ವಚನದಲ್ಲಿ ಏತ ಮತ್ತು ಇಕ್ಕುಳಗಳೆರಡೂ ಒಂದರ ಪಕ್ಕದಲ್ಲೊಂದು ಉಪಮೆಗಳಾಗಿ ಬರುತ್ತವೆ. ಹನ್ನೆರಡನೆಯ ಶತಮಾನದ ಕೇಳುಗರಿಗೆ ಈ ಎರಡು ಬಗೆಯ ಸಾಧನಗಳೂ ನಿತ್ಯದ ಬದುಕಿನವಾಗಿದ್ದವೆಂಬುದಕ್ಕೆ ಇದೇ ಸಾಕ್ಷಿ.

ಬಾವಿಗೆ ಬಿದ್ದ ಕೊಡವನ್ನು ಹುಡುಕಿ ತೆಗೆಯುವ ಪಾತಾಳಗರಡಿಯು ಬಳೆಯೊಂದಕ್ಕೆ ಹಲವು ಕೊಕ್ಕೆಗಳನ್ನು ತೂಗುಬಿಟ್ಟ ಸರಳ ಉಪಕರಣ. ಕಾಣದ ಆಳದಲ್ಲಿ ಕೈ ಮಾಡಬೇಕಾದ ಕೆಲಸವನ್ನು ಅದು ಮಾಡುತ್ತದೆ. ಹಗ್ಗದ ಮೇಲ್ತುದಿಯಲ್ಲಿರುವವರು ಬೆರಳಿಗೆ ತಾಗುವ ಸೂಕ್ಷ್ಮ ಎಳೆತದಿಂದಲೇ ಕೊಕ್ಕೆ ಕಚ್ಚಿತೋ ಇಲ್ಲವೋ ಎಂಬುದನ್ನು ಅರಿಯುತ್ತಾರೆ. ಕೊಳವೆಬಾವಿಯ ಕೆಲಸಗಾರರಲ್ಲಿಯೂ ಇದೇ ಬಗೆಯ ಸ್ಪರ್ಶಜ್ಞಾನವಿದೆ. ಆದರೆ ಅವರು ಎತ್ತಬೇಕಾದ ಭಾರ ಕೊಡದ್ದಲ್ಲ.

ಭಾರದ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ೬೦೦ ಅಡಿ ಆಳಕ್ಕೆ ಒಂದೂವರೆ ಅಂಗುಲದ, ಮಧ್ಯಮ ದರ್ಜೆಯ ಜಿಐ ಪೈಪುಗಳಲ್ಲಿ ಮೋಟರನ್ನು ಇಳಿಸಿದೆಯೆಂದು ಭಾವಿಸೋಣ. ೨೦ ಅಡಿಯ ಪೈಪುಗಳು ೩೦ ಬೇಕಾಗುತ್ತವೆ. ಒಂದೊಂದರ ತೂಕ ಸುಮಾರು ೨೨ ಕಿಲೋ. ಪೈಪುಗಳದೇ ೬೬೦ ಕಿಲೋ ಆಯಿತು. ಕೆಳಗಿನ ವಾಲ್ವು ಸರಿಯಾಗಿದ್ದರೆ ಪೈಪಿನೊಳಗಿನ ನೀರು ಹಾಗೆಯೇ ನಿಂತಿರುತ್ತದೆ. ಅದರ ತೂಕ ಸುಮಾರು ೨೫೦ ಕಿಲೋ. ಪಂಪು ಮತ್ತು ಮೋಟರಿಗೆ ೫೦ ಕಿಲೋ ಸೇರಿಸಿದರೆ ಒಟ್ಟು ಭಾರ ಒಂದು ಟನ್ನಿನ ಸಮೀಪಕ್ಕೆ ಬರುತ್ತದೆ. ಇಷ್ಟೂ ಭಾರ ಆರೂವರೆ ಅಂಗುಲದ ಒಂದು ತೂತಿನಲ್ಲಿ ತೂಗುತ್ತಿರುತ್ತದೆ.

೨. ಕ್ಲಾಂಪಿನ ರಚನೆ

ದಪ್ಪನೆಯ ಕಬ್ಬಿಣದ ಎರಡು ಪಟ್ಟಿಗಳನ್ನು ನಡುವೆ ಅರ್ಧವೃತ್ತಾಕಾರವಾಗಿ ಬಾಗಿಸಿ, ಎರಡೂ ತುದಿಗಳನ್ನು ಚಪ್ಪಟೆ ಕಿವಿಗಳಂತೆ ಬಿಟ್ಟು, ಕಿವಿಗಳಲ್ಲಿ ಬೋಲ್ಟಿಗೆ ತೂತು ಕೊರೆದರೆ ಕ್ಲಾಂಪು ಸಿದ್ಧವಾಗುತ್ತದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿಯೂ ಇದನ್ನು ಮಾಡಿಸಿಕೊಳ್ಳಬಹುದು. ಹೀಗೆ ಕಾರ್ಖಾನೆಯ ಕಬ್ಬಿಣವು ಸ್ಥಳೀಯ ಕೈಗಳಲ್ಲಿ ಹೊಸ ರೂಪ ಪಡೆಯುತ್ತದೆ.

ರಚನೆ ಸರಳವಾದರೂ ಅದರ ಹಿಂದಿನ ತಿಳಿವಳಿಕೆ ಸರಳವಲ್ಲ. ಬೋಲ್ಟುಗಳನ್ನು ಬಿಗಿದ ಮೇಲೂ ಎರಡು ಪಟ್ಟಿಗಳ ಕಿವಿಗಳ ನಡುವೆ ಎರಡೂ ಕಡೆ ಸಮನಾದ ಸಂದು ಉಳಿಯಬೇಕು. ಕಿವಿಗಳು ಒಂದಕ್ಕೊಂದು ತಾಗಿದರೆ ಬಿಗಿತವೆಲ್ಲ ಕಿವಿಗಳ ನಡುವೆಯೇ ಮುಗಿದುಹೋಗಿ ಪೈಪಿಗೆ ಹಿಡಿತ ಸಿಗುವುದಿಲ್ಲ. ನೋಡುವವರಿಗೆ ಪೂರ್ತಿ ಮುಚ್ಚಿಕೊಂಡ ಕ್ಲಾಂಪು ಭದ್ರವಾಗಿ ಕಂಡರೂ ಕೆಲಸ ಬಲ್ಲವರಿಗೆ ಅದೇ ಅಪಾಯದ ಗುರುತು.

ಎರಡನೆಯ ಅಂಶ ಕ್ಲಾಂಪು ಕಟ್ಟುವ ಜಾಗ. ಪೈಪುಗಳನ್ನು ಜೋಡಿಸುವ ಸಾಕೆಟ್ಟಿನ ಕೆಳಗೇ ಅದನ್ನು ಕಟ್ಟಬೇಕು. ನೀರು, ತುಕ್ಕು, ಗ್ರೀಸುಗಳಿಂದ ಜಾರುವ ಪೈಪನ್ನು ಬೋಲ್ಟಿನ ಬಿಗಿತವೊಂದೇ ತಡೆಯಲಾರದು. ಪೈಪು ಜಾರಿದರೂ ಸಾಕೆಟ್ಟಿನ ಅಂಚು ಕ್ಲಾಂಪಿನ ಮೇಲೆ ಕುಳಿತು ನಿಲ್ಲುತ್ತದೆ. ಅಂದರೆ ಘರ್ಷಣೆ ಸೋತಲ್ಲಿ ಆಕಾರ ಕಾಪಾಡುತ್ತದೆ. ತೈಲಬಾವಿಗಳಲ್ಲಿ ಎಲಿವೇಟರ್ ಎಂದು ಕರೆಯುವ ಬೃಹತ್ ಸಾಧನವೂ ಪೈಪಿನ ಉಬ್ಬಿದ ಭುಜದ ಕೆಳಗೆ ಮುಚ್ಚಿಕೊಂಡು ಭಾರವನ್ನು ಹೊರುತ್ತದೆ. ಗಾತ್ರ ಬೇರೆಯಾದರೂ ತತ್ತ್ವ ಒಂದೇ ಎಂಬುದು ಗಮನಾರ್ಹ.

೩. ಹಿಡಿತ ಬದಲಿಸುವ ಕ್ರಮ

ಮೋಟರು ಎತ್ತುವಾಗ ಕೊಳವೆಬಾವಿಯ ಮೇಲೆ ಮುಕ್ಕಾಲಿಯನ್ನು ನಿಲ್ಲಿಸಿ ಅದರ ನೆತ್ತಿಗೆ ಚೈನ್ ಪುಲ್ಲಿಯನ್ನು ತೂಗುಹಾಕುತ್ತಾರೆ. ಮೇಲಿನ ಪೈಪಿಗೆ ಕಟ್ಟಿದ ಮೊದಲ ಕ್ಲಾಂಪನ್ನು ಕೊಕ್ಕೆಗೆ ಸಿಕ್ಕಿಸಿ ಎಳೆಯುತ್ತಾರೆ. ಮುಂದಿನ ಸಾಕೆಟ್ಟು ಕೇಸಿಂಗಿನ ಬಾಯಿಂದ ಮೇಲೆ ಕಾಣಿಸಿದೊಡನೆ ಅದರ ಕೆಳಗೆ ಎರಡನೆಯ ಕ್ಲಾಂಪನ್ನು ಕಟ್ಟಿ, ಸರಪಳಿಯನ್ನು ಮೆಲ್ಲಗೆ ಸಡಿಲಿಸಿ, ಆ ಕ್ಲಾಂಪನ್ನು ಕೇಸಿಂಗಿನ ಬಾಯಿಯ ಮೇಲೆ ಕೂರಿಸುತ್ತಾರೆ. ಆ ಕ್ಷಣದಲ್ಲಿ ಇಡೀ ಭಾರ ಮುಕ್ಕಾಲಿಯಿಂದ ನೆಲಕ್ಕೆ ದಾಟುತ್ತದೆ. ಅನಂತರ ಒಂದು ಪೈಪ್ ರಿಂಚಿನಿಂದ ಕೆಳಗಿನ ಪೈಪನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ಮೇಲಿನದನ್ನು ತಿರುಗಿಸಿ ಬಿಚ್ಚುತ್ತಾರೆ. ಪೈಪಿನೊಳಗಿದ್ದ ನೀರು ಕೆಲಸಗಾರರ ಮೇಲೆಯೇ ಸುರಿಯುತ್ತದೆ. ಬಿಡುಗಡೆಯಾದ ಮೊದಲ ಕ್ಲಾಂಪು ಮುಂದಿನ ಸಾಕೆಟ್ಟಿಗೆ ಕಾಯುತ್ತದೆ. ಕುಳಿತಿದ್ದ ಕ್ಲಾಂಪು ಕೊಕ್ಕೆಗೇರುತ್ತದೆ. ಹೀಗೆ ಒಂದು ತೂಗುವುದು, ಒಂದು ಕೂರುವುದು ಮೂವತ್ತು ಪೈಪುಗಳವರೆಗೆ ಸರದಿಯಂತೆ ನಡೆಯುತ್ತದೆ.

ಇನ್ನೊಂದು ಹಿಡಿಯುವ ತನಕ ಮೊದಲಿನದನ್ನು ಬಿಡಬಾರದು ಎಂಬುದೇ ಈ ಕ್ರಮದ ಜೀವಾಳ. ಕಪಿಲೆಯಲ್ಲಿಯೂ ಒಂದು ಹಗ್ಗ ಬಾನಿಯ ಭಾರವನ್ನು ಹೊತ್ತರೆ ಇನ್ನೊಂದು ತೆಳು ಹಗ್ಗ ಬಾನಿಯ ತೊಂಡಲನ್ನು ಮೇಲೆತ್ತಿ ಹಿಡಿಯುತ್ತಿತ್ತು. ಅಲ್ಲಿ ಎರಡು ಹಿಡಿತಗಳು ಒಟ್ಟಿಗೆ ದುಡಿಯುತ್ತಿದ್ದವು. ಇಲ್ಲಿ ಒಂದರ ನಂತರ ಒಂದು ದುಡಿಯುತ್ತವೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುವಂತಿಲ್ಲವಾದರೂ ಭಾರವನ್ನು ಹಂಚಿ ನಿಭಾಯಿಸುವ ವಿವೇಕ ಎರಡರಲ್ಲಿಯೂ ಇದೆ.

ಅನಾಹುತಗಳು ಸಂಭವಿಸುವುದು ಹೆಚ್ಚಾಗಿ ಭಾರ ದಾಟುವ ಆ ಒಂದು ಕ್ಷಣದಲ್ಲಿಯೇ. ಕ್ಲಾಂಪು ಕೂರುವಾಗ ಅದರ ಕೆಳಗಿರುವ ಬೆರಳು ಉಳಿಯುವುದಿಲ್ಲ. ಕೇಸಿಂಗಿನ ಅಂಚಿಗೂ ಕ್ಲಾಂಪಿಗೂ ನಡುವೆ ಕೇಬಲ್ಲು ಸಿಕ್ಕಿದರೆ ಅದು ಜಜ್ಜಿಹೋಗುತ್ತದೆ. ಪೈಪು ಕೈತಪ್ಪಿ ಒಳಗೆ ಬಿದ್ದರೆ ಮೋಟರು, ಪೈಪು, ಕೇಬಲ್ಲುಗಳ ಜೊತೆಗೆ ಕೊಳವೆಬಾವಿಯೇ ಕೈಬಿಟ್ಟುಹೋಗಬಹುದು. ಸಾಲ ಮಾಡಿ ಕೊರೆಸಿದ ರೈತನಿಗೆ ಅದು ಒಂದು ಬೆಳೆಯ ನಷ್ಟಕ್ಕಿಂತ ದೊಡ್ಡದು. ಪೈಪು ಇಳಿಸುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಎತ್ತುವಾಗ ಪೈಪಿಗೊಮ್ಮೆ ಭಾರ ಕಡಿಮೆಯಾಗುತ್ತ ಹೋದರೆ, ಇಳಿಸುವಾಗ ಅದು ಏರುತ್ತದೆ. ದಣಿದ ಕೈಗಳಿಗೆ ಕೊನೆಯ ಪೈಪಿನಲ್ಲಿ ಅತಿ ಹೆಚ್ಚಿನ ಭಾರ ಸಿಗುತ್ತದೆ.

೪. ಕೈಪಂಪಿನ ಕ್ಲಾಂಪು

ನಮ್ಮ ಹಳ್ಳಿಗರು ಬೋರಿಂಗು ಎಂದು ಕರೆಯುವ ಇಂಡಿಯಾ ಮಾರ್ಕ್ ೨ ಕೈಪಂಪು ೧೯೭೦ರ ದಶಕದಲ್ಲಿ ಯುನಿಸೆಫ್ ನೆರವಿನೊಂದಿಗೆ ರೂಪುಗೊಂಡಿತು. ಅದರ ದುರಸ್ತಿಗೆ ನೀಡುವ ವಿಶೇಷ ಉಪಕರಣಗಳಲ್ಲಿ ತಾನಾಗಿ ಬಿಗಿಯುವ ಕ್ಲಾಂಪೂ ಒಂದು. ಇದರಲ್ಲಿ ಪೈಪು ಕೆಳಗೆ ಜಾರಲು ಯತ್ನಿಸಿದಷ್ಟೂ ಹಿಡಿತ ಬಿಗಿಯಾಗುತ್ತದೆ, ಮೇಲೆತ್ತಿದಾಗ ಸಡಿಲವಾಗುತ್ತದೆ. ಭಾರವನ್ನೇ ಭಾರದ ಕಾವಲಿಗೆ ನಿಲ್ಲಿಸುವ ಈ ಉಪಾಯವೇ ತೈಲಬಾವಿಗಳ ಹಲ್ಲುಳ್ಳ ಬೆಣೆಗಳಲ್ಲಿಯೂ ಇದೆ. ಕೈಪಂಪಿನ ಪೈಪುಗಳು ಮೂರು ಮೀಟರ್ ಉದ್ದದವಾದ್ದರಿಂದ ಮುಕ್ಕಾಲಿಯಿಲ್ಲದೆ ಕೈಬಲದಿಂದಲೇ ಎತ್ತಲು ಸಾಧ್ಯವಾಗುತ್ತದೆ. ಅನಂತರ ಬಂದ ಮಾರ್ಕ್ ೩ ಮಾದರಿಯಲ್ಲಿ ಪೈಪುಗಳನ್ನು ತೆಗೆಯದೆ ಪಿಸ್ಟನ್ನನ್ನು ಮಾತ್ರ ಮೇಲೆತ್ತುವ ಅನುಕೂಲ ಕಲ್ಪಿಸಲಾಯಿತು. ಪೈಪು ಎತ್ತುವ ಶ್ರಮವೇ ಪಂಪಿನ ವಿನ್ಯಾಸವನ್ನು ಬದಲಿಸಿತೆನ್ನಬಹುದು.

೫. ಕೆಲಸದ ಮಾತು

ಭಾರ ಎಳೆಯುವ ಸಾಮೂಹಿಕ ಕೆಲಸಗಳಲ್ಲಿ ‘ಐಸಾ’ದಂತಹ ಕೂಗುಗಳು ಎಲ್ಲರ ಬಲವನ್ನು ಒಂದೇ ಲಯಕ್ಕೆ ತರುತ್ತಿದ್ದವು. ಕಪಿಲೆಗೆ ಅದರದೇ ಹಾಡುಗಳಿದ್ದವು. ಚೈನ್ ಪುಲ್ಲಿಯು ಒಬ್ಬನ ಎಳೆತವನ್ನೇ ಹಲವು ಪಟ್ಟು ಹೆಚ್ಚಿಸುವುದರಿಂದ ಲಯದ ಅಗತ್ಯ ಇಲ್ಲಿ ಕಡಿಮೆ. ಹಾಡಿನ ಜಾಗಕ್ಕೆ ‘ಹಿಡಿ’, ‘ತಡಿ’, ‘ಬಿಡು’, ‘ಸಾಕು’ ಎಂಬ ಚುಟುಕು ಆಜ್ಞೆಗಳು ಬಂದಿವೆ. ಕೇಸಿಂಗಿನ ಬಳಿ ಕುಳಿತು ಕ್ಲಾಂಪು ಕಟ್ಟುವವನ ಮಾತಿಗೆ ಮಾತ್ರ ಸರಪಳಿ ಎಳೆಯುವವನು ಓಗೊಡಬೇಕು. ಸುತ್ತ ನಿಂತವರ ಮಾತಿಗೆ ಅಲ್ಲ. ಕ್ಲಾಂಪು, ಸಾಕೆಟ್ಟು, ರಿಂಚುಗಳಂತಹ ಎರವಲು ಪದಗಳು ಮುಕ್ಕಾಲಿ, ಕೊಕ್ಕೆ, ಕಿವಿ, ಬಾಯಿಗಳಂತಹ ಹಳೆಯ ಪದಗಳೊಂದಿಗೆ ಬೆರೆತು ಒಂದು ವೃತ್ತಿಭಾಷೆ ರೂಪುಗೊಂಡಿದೆ. ಆಯುಧಪೂಜೆಯ ದಿನ ನೇಗಿಲಿಗೆ ಸಲ್ಲುತ್ತಿದ್ದ ಕುಂಕುಮ ಕ್ಲಾಂಪಿಗೂ ಸಲ್ಲುತ್ತದೆ.

೬. ಉಪಸಂಹಾರ

ಈ ತಂತ್ರವೂ ಈಗ ಬದಲಾವಣೆಯ ಹಾದಿಯಲ್ಲಿದೆ. ಹಗುರವಾದ ಪ್ಲಾಸ್ಟಿಕ್ ಪೈಪುಗಳು ಜಿಐ ಪೈಪುಗಳ ಜಾಗಕ್ಕೆ ಬರುತ್ತಿವೆ. ಸುರುಳಿಯಾಗಿ ದೊರೆಯುವ ಎಚ್‌ಡಿಪಿಇ ಪೈಪಿನಲ್ಲಿ ನಡುವೆ ಸಾಕೆಟ್ಟುಗಳೇ ಇಲ್ಲದಿರುವುದರಿಂದ ಎರಡು ಕ್ಲಾಂಪುಗಳ ಸರದಿಯೂ ಇಲ್ಲ. ಮುಕ್ಕಾಲಿಯ ಬದಲು ವಾಹನಕ್ಕೆ ಜೋಡಿಸಿದ ಯಂತ್ರಗಳು ಎತ್ತುವ ಕೆಲಸ ಮಾಡುತ್ತಿವೆ. ಶ್ರಮ ಮತ್ತು ಅಪಾಯ ತಗ್ಗುವುದಾದರೆ ಈ ಬದಲಾವಣೆ ಸ್ವಾಗತಾರ್ಹವೇ. ಆದರೆ ಕಪಿಲೆ ನಿಂತ ಮೇಲೆ ಅದರ ಭಾಗಗಳ ಹೆಸರುಗಳಿಗಾಗಿ ಊರೂರು ಅಲೆದ ಅನುಭವ ನಮ್ಮ ಕ್ಷೇತ್ರಕ್ಕಿದೆ. ಕ್ಲಾಂಪಿನ ವಿಷಯದಲ್ಲಿ ಆ ತಪ್ಪು ಮರುಕಳಿಸಬಾರದು.

ವಸ್ತುಸಂಗ್ರಹಾಲಯದಲ್ಲಿ ಕ್ಲಾಂಪನ್ನು ಇರಿಸಿದರೆ ಎರಡು ಬಾಗಿದ ಪಟ್ಟಿಗಳಷ್ಟೇ ಉಳಿಯುತ್ತವೆ. ಕಿವಿಗಳ ನಡುವಿನ ಸಂದಿನ ಅಳತೆ, ಭಾರ ದಾಟುವಾಗಿನ ಮೌನ, ಯಾರ ಮಾತಿಗೆ ಸರಪಳಿ ನಿಲ್ಲಬೇಕೆಂಬ ಕಟ್ಟಳೆ ಇವು ಉಳಿಯುವುದು ಕೆಲಸ ನಡೆಯುತ್ತಿರುವಾಗಲೇ ಮಾಡಿದ ದಾಖಲೆಯಲ್ಲಿ ಮಾತ್ರ. ಆದ್ದರಿಂದ ಕೊಳವೆಬಾವಿಯ ಕೆಲಸಗಾರರನ್ನು ಕೇವಲ ಕೂಲಿಕಾರರೆಂದಾಗಲಿ ಮೆಕಾನಿಕ್ಕುಗಳೆಂದಾಗಲಿ ನೋಡದೆ ಒಂದು ಜ್ಞಾನಪರಂಪರೆಯ ವಾಹಕರೆಂದು ಪರಿಗಣಿಸಿ, ಅವರ ಉಪಕರಣ, ಕ್ರಮ ಮತ್ತು ಪದಗಳನ್ನು ಜಿಲ್ಲಾವಾರು ಸಂಗ್ರಹಿಸುವ ಕಾರ್ಯ ಈಗಲೇ ಆರಂಭವಾಗಬೇಕಿದೆ.