ಒಲೆಗೆ ಕೊನೆಯ ಪಾಲು

ಸಾಮಿಲ್ಲಿನಲ್ಲಿ ದಿಮ್ಮಿಯೊಂದು ಹಲಗೆಯಾಗುವಷ್ಟರಲ್ಲಿ ಗರಗಸ ಓಡಿದ ದಾರಿಯ ಮರವೆಲ್ಲ ಪುಡಿಯಾಗಿ ನೆಲಕ್ಕೆ ಬಿದ್ದಿರುತ್ತದೆ. ಬಡಿಗೇರರು ಆ ಹಲಗೆಗೆ ರಂದಾ ಹೊಡೆದಾಗ ಸುರುಳಿ ಸುರುಳಿಯಾಗಿ ಇನ್ನಷ್ಟು ಹೋಗುತ್ತದೆ. ರಾಯಚೂರು, ದೇವದುರ್ಗ, ಮಾನ್ವಿಯ ಯಾವ ಮರದ ಅಡ್ಡೆಗೆ ಹೋದರೂ ಇದರ ಗತಿ ಒಂದೇ: ಚೀಲಕ್ಕೆ ತುಂಬಿ ಒಲೆಗೆ, ಇಲ್ಲವೇ ತಿಪ್ಪೆಗೆ. ಸುಡುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಒಮ್ಮೆ ಸುಟ್ಟ ಮೇಲೆ ಆ ಮರದಿಂದ ಇನ್ನೇನೂ ಆಗದು. ಆದ್ದರಿಂದ ಬೇರೆಲ್ಲ ಬಳಕೆ ಮುಗಿದ ಮೇಲೆ ಉಳಿದದ್ದಷ್ಟೇ ಬೆಂಕಿಗೆ ಹೋಗಬೇಕು. ಇದಕ್ಕೆ ಪುರಾವೆ ಹುಡುಕಲು ದೂರ ಹೋಗಬೇಕಿಲ್ಲ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವವರೆಗೆ ರಾಯಚೂರು ಜಿಲ್ಲೆಯೊಳಗೇ ಇದ್ದ ಕಿನ್ನಾಳದಲ್ಲಿ ಅದು ತಲೆಮಾರುಗಳಿಂದ ಕಣ್ಣಮುಂದೆಯೇ ಇದೆ.

ಕಿನ್ನಾಳದ ಗೊಂಬೆ ಎಂದರೆ ನಮಗೆ ಮೊದಲು ನೆನಪಾಗುವುದು ಅದರ ಬಣ್ಣ. ಆ ಬಣ್ಣ ನಿಲ್ಲಲು ಬೇಕಾದ ನೆಲವನ್ನು ಕಟ್ಟಿಕೊಡುವುದರಲ್ಲಿ ಮರದ ಪುಡಿಯ ಪಾಲು ದೊಡ್ಡದು. ಅಲ್ಲಿನ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆಯ ಅಂಗಗಳನ್ನು ಬಿಡಿಬಿಡಿಯಾಗಿ ಕೆತ್ತುತ್ತಾರೆ. ಒಂದು ಗರುಡನಿಗೆ ಇಂಥ ಹನ್ನೆರಡು ತುಂಡುಗಳು ಬೇಕು. ಅವನ್ನು ಜೋಡಿಸುವುದು ಹುಣಸೆ ಬೀಜ ಅರೆದು ಮಾಡಿದ ಅಂಟಿನಿಂದ. ಜೋಡಿಸಿದ ಕಡೆ ಬಿರುಕು, ತಗ್ಗು, ಕೆತ್ತನೆಯ ಒರಟು ಉಳಿದೇ ಉಳಿಯುತ್ತವೆ. ಇಲ್ಲಿ ಬಳಕೆಗೆ ಬರುವುದು ಕಿಟ್ಟ. ಹಳೆಯ ಗೋಣಿ ಚಿಂದಿಯನ್ನು ನೆನೆಸಿ, ಎಳೆ ಬಿಡಿಸಿ ತುಂಡರಿಸಿ, ಒಣಗಿಸಿ ಪುಡಿ ಮಾಡುತ್ತಾರೆ. ಅದಕ್ಕೆ ಮರದ ಪುಡಿ ಬೆರೆಸಿ ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಈ ಮುದ್ದೆಯನ್ನು ಗೊಂಬೆಯ ಮೈಗೆಲ್ಲ ಕೈಯಿಂದಲೇ ಮೆತ್ತಿ, ಮೇಲೆ ಹತ್ತಿಯ ಚಿಕ್ಕ ಚಿಕ್ಕ ತುಣುಕು ಅಂಟಿಸಿ, ಅದರ ಮೇಲೆ ಬೆಣಚುಕಲ್ಲಿನ ನುಣುಪು ಪುಡಿಯ ಲೇಪ ಕೊಟ್ಟ ಮೇಲೆಯೇ ಕುಂಚ ಹಿಡಿಯುವುದು. ಗೋಣಿಯ ನಾರು ಹಿಡಿತ ಕೊಡುತ್ತದೆ, ಮರದ ಪುಡಿ ತೂಕ ಏರಿಸದೆ ಮೈ ತುಂಬುತ್ತದೆ, ಅಂಟು ಎರಡನ್ನೂ ಬಿಗಿಯುತ್ತದೆ. ಚಿಂದಿ, ಪುಡಿ, ಹಣ್ಣು ಬಿಡಿಸಿ ಎಸೆದ ಬೀಜ, ಮೂರೂ ಉಳಿಕೆಗಳೇ. ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ರಗಳು ಈ ಚಿತ್ರಗಾರರ ಪೂರ್ವಜರ ಕೈಯವು ಎಂಬ ಪ್ರತೀತಿಯಿದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಸುಬಿನಲ್ಲಿ ಮರದ ಪುಡಿ ಒಲೆಯ ಸರಕಲ್ಲ, ಕಟ್ಟುವ ಸರಕು.

ಕಿನ್ನಾಳದಲ್ಲಿ ಈಗ ಉಳಿದಿರುವುದು ಕೆಲವೇ ಮನೆಗಳು, ಅವು ಬಳಸುವ ಪುಡಿ ಎಷ್ಟೆಂದು ಯಾರಾದರೂ ಕೇಳಬಹುದು. ನಿಜ, ಸಾಮಿಲ್ಲುಗಳ ರಾಶಿಯೆಲ್ಲ ಅಲ್ಲಿಗೆ ಹೋಗಿ ಕರಗದು. ಕಿನ್ನಾಳ ಕಲಿಸುವುದು ವಿಧಾನವನ್ನು. ಅದು ಬೇರೆ ವೇಷದಲ್ಲಿ ನಮ್ಮ ಊರುಗಳಲ್ಲೂ ಬದುಕಿದೆ. ಬಾಗಿಲಿನ ಕೀಲು ಬಿಟ್ಟ ಕಡೆ ಅದೇ ಮರದ ನುಣ್ಣನೆಯ ಪುಡಿಯನ್ನು ಫೆವಿಕಾಲ್‌ನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಉಜ್ಜಿ ಸಮ ಮಾಡುವುದು ಬಡಿಗೇರರ ದಿನನಿತ್ಯದ ಕೆಲಸ. ಬಣ್ಣ ಹೊಂದಬೇಕಾದರೆ ಪುಡಿ ಅದೇ ಮರದ್ದಾಗಿರಬೇಕು. ಬೆಂಗಳೂರು, ಮೈಸೂರಿನ ಅಗರಬತ್ತಿಯ ಕಡ್ಡಿಗೆ ಮೆತ್ತುವ ಹಿಟ್ಟಿನಲ್ಲೂ ಇದ್ದಿಲ ಪುಡಿ, ಜಿಗಟಿನ ಜೊತೆ ಮರದ ಪುಡಿ ಸೇರುತ್ತದೆ.

ಶಕ್ತಿನಗರದವರಿಗೆ ಈ ಮಾತು ಬೇಗ ಅರ್ಥವಾಗಬೇಕು, ಏಕೆಂದರೆ ಅವರ ಊರು ಉಳಿಕೆಯೊಂದರ ಬೆಲೆ ಬದಲಾದುದನ್ನು ಕಂಡಿದೆ. 1985ರಲ್ಲಿ ಮೊದಲ ಘಟಕ ಆರಂಭವಾದ ರಾಯಚೂರು ಶಾಖೋತ್ಪನ್ನ ವಿದ್ಯುತ್‌ ಕೇಂದ್ರದ ಸಾಮರ್ಥ್ಯ ಇಂದು 1,720 ಮೆಗಾವಾಟ್. ಅದು ಉಗುಳುವ ಹಾರುಬೂದಿ ಒಂದು ಕಾಲಕ್ಕೆ ಬರೀ ಪೀಡೆ. 1999ರ ಕೇಂದ್ರ ಪರಿಸರ ಸಚಿವಾಲಯದ ಅಧಿಸೂಚನೆಯ ನಂತರ ಇಟ್ಟಿಗೆ, ಸಿಮೆಂಟ್‌ಗೆ ಅದರ ಬಳಕೆ ಹೆಚ್ಚಿತು. ಪೊಜೊಲಾನಾ ಸಿಮೆಂಟ್‌ನಲ್ಲಿ ಶೇ 15ರಿಂದ 35ರವರೆಗೆ ಹಾರುಬೂದಿ ಇರಬಹುದು. ಆದರೆ ಸಿಮೆಂಟಿನವರು ಬಯಸುವುದು ಒಣಗಿದ್ದಾಗಲೇ ಬೇರೆಯಾಗಿ ಹಿಡಿದಿಟ್ಟ ಬೂದಿಯನ್ನು. ನೀರಿನಲ್ಲಿ ಕಲಸಿ ಹೊಂಡಕ್ಕೆ ಹರಿಸಿದ ಬೂದಿಗೆ ಆ ಬೇಡಿಕೆಯಿಲ್ಲ, ಬೂದಿಹೊಂಡಗಳ ತೊಂದರೆ ಮುಗಿದೂ ಇಲ್ಲ. ಉಳಿಕೆಯ ಬೆಲೆ ನಿರ್ಧಾರವಾಗುವುದು ಅದು ಹುಟ್ಟಿದ ಗಳಿಗೆಯಲ್ಲೇ, ಬೇರ್ಪಡಿಸಿದೆವೋ ಬೆರೆಸಿದೆವೋ ಎಂಬುದರ ಮೇಲೆ.

ಇಷ್ಟು ದೊಡ್ಡ ಕುಲುಮೆ ಪಕ್ಕದಲ್ಲೇ ಇರುವಾಗ ಮರದ ಪುಡಿಯನ್ನೂ ಅದಕ್ಕೇ ಹಾಕಬಾರದೇಕೆ? ಇದು ತೂಕದ ಪ್ರಶ್ನೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಶೇ 35–40ರಷ್ಟು ಬೂದಿ ಸಾಮಾನ್ಯ; ಶುದ್ಧ ಮರದ ಪುಡಿಯಲ್ಲಿ ಅದು ಶೇ 1ರ ಆಸುಪಾಸು. ಕಲ್ಲಿದ್ದಲಿನ ಜೊತೆ ಶೇ 5ರಷ್ಟು ಜೈವಿಕ ಉಂಡೆಗಳನ್ನು ಉರಿಸಬೇಕೆಂದು ಕೇಂದ್ರ ಇಂಧನ ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ನೀತಿಯನ್ನೂ ಹೊರಡಿಸಿತು. ಆದರೆ ಲೆಕ್ಕ ಹಾಕಿ ನೋಡಿ. ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಶಕ್ತಿನಗರದ ಕೇಂದ್ರಕ್ಕೆ ದಿನಕ್ಕೆ ಸುಮಾರು 25 ಸಾವಿರ ಟನ್ ಕಲ್ಲಿದ್ದಲು ಬೇಕು. ಅದರ ಶೇ 5 ಎಂದರೆ ದಿನವೂ 1,250 ಟನ್. ಸುತ್ತಲ ತಾಲ್ಲೂಕುಗಳ ಗರಗಸಗಳೆಲ್ಲ ಸೇರಿದರೂ ಆ ಹೊಟ್ಟೆ ತುಂಬದು. ನೀತಿ ಮುಖ್ಯವಾಗಿ ಬೆಳೆಯುಳಿಕೆಯನ್ನೇ ಹೆಸರಿಸಿದೆ, ಹೊಲದಲ್ಲೇ ಬೆಂಕಿ ಬೀಳುವ ಹತ್ತಿಕಟ್ಟಿಗೆ ಈ ಸೀಮೆಯಲ್ಲಿ ಬೇಕಾದಷ್ಟಿದೆ. ಕುಲುಮೆಗೆ ಅದು ಹೋಗಲಿ.

ಹೊಲಕ್ಕೆ ಹಾಕುವವರಿಗೂ ಒಂದು ಎಚ್ಚರಿಕೆ. ಹಸಿ ಮರದ ಪುಡಿಯಲ್ಲಿ ಇಂಗಾಲ ಸಾರಜನಕದ ನೂರಾರು ಪಟ್ಟು ಇರುತ್ತದೆ, ಗೊಬ್ಬರ ಚೆನ್ನಾಗಿ ಕೊಳೆಯಲು ಮೂವತ್ತು ಪಟ್ಟು ಸಾಕು. ನೇರ ಮಣ್ಣಿಗೆ ಬೆರೆಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಹಿಡಿದುಕೊಳ್ಳುತ್ತವೆ, ಬೆಳೆ ಹಳದಿಯಾಗುತ್ತದೆ. ಅದರ ಬದಲು ಮೊದಲು ದನದ ಕೊಟ್ಟಿಗೆಯಲ್ಲಿ ಹಾಸಲಿ. ಗಂಜಲ ಹೀರಿ ಸಗಣಿಯೊಂದಿಗೆ ಬೆರೆತ ಪುಡಿ ತಿಪ್ಪೆಯಲ್ಲಿ ಹದವಾಗಿ ಕೊಳೆಯುತ್ತದೆ, ದನಕ್ಕೂ ಮೆತ್ತನೆಯ ಹಾಸಿಗೆ. ಕೋಳಿಗೂಡಿಗೆ ರಂದಾದ ಸುರುಳಿ ಇನ್ನೂ ಒಳ್ಳೆಯದು, ಏಕೆಂದರೆ ಅದರಲ್ಲಿ ದೂಳು ಕಡಿಮೆ.

ಬಡವರ ಮನೆಯ ಹೊಟ್ಟಿನ ಒಲೆಯನ್ನು ಕಸಿಯಲು ನಾನು ಹೇಳುತ್ತಿಲ್ಲ. ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ ಸುತ್ತ ಪುಡಿ ಗಟ್ಟಿಯಾಗಿ ತುಂಬಿ, ಬಾಟಲಿ ಎಳೆದು ತಳದ ಕಿಂಡಿಯಿಂದ ಹೊತ್ತಿಸಿದರೆ ಗಂಟೆಗಟ್ಟಲೆ ಉರಿಯುವ ಆ ಒಲೆ ಎಷ್ಟೋ ಸಂಸಾರಗಳಿಗೆ ಆಸರೆಯಾಗಿದೆ. ಗಾಳಿಯಾಡುವ ಜಾಗದಲ್ಲಿ ಉರಿಯಲಿ, ಅಷ್ಟೆ. ಭಯಪಡಬೇಕಾದದ್ದು ಪ್ಲೈವುಡ್, ಎಂಡಿಎಫ್ ಕೊಯ್ದ ಪುಡಿಗೆ. ಅದರಲ್ಲಿ ರಾಸಾಯನಿಕ ಅಂಟಿದೆ. ಒಲೆಗೂ ಕೊಟ್ಟಿಗೆಗೂ ಅದು ಸಲ್ಲದು. ಈಗಿನ ಅಂಗಡಿಗಳಲ್ಲಿ ಅದೂ ಸಾಗುವಾನಿ, ಬೇವಿನ ಪುಡಿಯೂ ಒಂದೇ ಪೊರಕೆಗೆ ಸಿಕ್ಕಿ ಒಂದೇ ಚೀಲ ಸೇರುವುದರಿಂದ ಎರಡೂ ಕೆಡುತ್ತವೆ. ಮರದ ದೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಗುರುತಿಸಿರುವಾಗ ಮೂಗಿಗೊಂದು ಬಟ್ಟೆಯೂ ಇಲ್ಲದೆ ಗುಡಿಸುವ ಕೆಲಸದ ಹುಡುಗರ ಬಗ್ಗೆಯೂ ಅಂಗಡಿಯವರು ಯೋಚಿಸಬೇಕು. ಮರಗೆಲಸದ ಪ್ರತಿ ಅಂಗಡಿಯಲ್ಲೂ ನಾಳೆಯಿಂದ ಎರಡು ಚೀಲ ಇರಲಿ: ಅಚ್ಚ ಮರದ ಪುಡಿಗೊಂದು, ಪ್ಲೈವುಡ್ಡಿನ ಪುಡಿಗೊಂದು. ಗುಡಿಸುವವರ ಮುಖಕ್ಕೆ ಮಾಸ್ಕ್ ಇರಲಿ.