ಬೆವರಿನ ಬಲ

ಬೇಸಗೆಯ ನಡುಹಗಲಿನಲ್ಲಿ ಒಬ್ಬ ಮನುಷ್ಯನೂ ಒಂದು ನಾಯಿಯೂ ಮಂಡ್ಯದಿಂದ ಮದ್ದೂರಿಗೆ ಓಡತೊಡಗಿದರೆನ್ನೋಣ. ದಾರಿ ಸುಮಾರು 20 ಕಿ.ಮೀ. ಮೊದಲ ಫರ್ಲಾಂಗಿನಲ್ಲಿ ನಾಯಿಯು ಮುಂದಾಗುವುದರಲ್ಲಿ ಸಂದೇಹವಿಲ್ಲ. ಆದರೆ ಬಿಸಿಲು ಕಾದಷ್ಟೂ ಗೆಲುವು ಅಭ್ಯಾಸವುಳ್ಳ ಮನುಷ್ಯನ ಕಡೆಗೆ ವಾಲುತ್ತದೆ. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ವೇಗದಲ್ಲಿ ನಾವು ಬಡವರು. 2009ರಲ್ಲಿ ಉಸೇನ್ ಬೋಲ್ಟನು 100 ಮೀಟರುಗಳನ್ನು 9.58 ಸೆಕೆಂಡುಗಳಲ್ಲಿ ಓಡಿದನು. ಎಂದರೆ ಗಂಟೆಗೆ ಸುಮಾರು 37 ಕಿ.ಮೀ. ಸಿವಂಗಿಯ ವೇಗ ಇದರ ಎರಡರಷ್ಟನ್ನೂ ಮೀರಿದುದು; ಆದರೆ ಕೆಲವು ನೂರು ಮೀಟರುಗಳಲ್ಲಿಯೇ ಅದರ ಓಟ ಮುಗಿಯುತ್ತದೆ.

ಸ್ನಾಯುಗಳು ದುಡಿದಂತೆಲ್ಲ ಶಾಖ ಹುಟ್ಟುತ್ತದೆ. 60 ಕಿಲೋಗ್ರಾಂ ತೂಕದವನು 10 ಕಿ.ಮೀ. ಓಡಿದರೆ ಸುಮಾರು 600 ಕಿಲೊಕ್ಯಾಲೊರಿ ಶಕ್ತಿ ವ್ಯಯವಾಗಿ, ಅದರ ಬಹುಭಾಗ ಶಾಖವಾಗುತ್ತದೆ. ಅದೆಲ್ಲವೂ ಒಳಗೇ ಉಳಿದರೆ ಮೈಯ ಉಷ್ಣತೆ 10 ಡಿಗ್ರಿಗೂ ಮೀರಿ ಏರೀತು, ಮರಣ ನಿಶ್ಚಯ. ಆದರೆ ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಗುಪ್ತೋಷ್ಣವನ್ನು ಹೀರುತ್ತದೆ. ಒಂದು ಲೀಟರು ಬೆವರು ಪೂರ್ಣವಾಗಿ ಆವಿಯಾದರೆ ಆ ಶಾಖವೆಲ್ಲ ಹೊರಬಿದ್ದಂತೆಯೇ! ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ, ರೋಮವೂ ವಿರಳ.

ನಾಯಿಯಾದರೋ ನಾಲಿಗೆ ಚಾಚಿ ಏದಿಯೇ ತಣಿಯಬೇಕು. ನಾಗಾಲೋಟದಲ್ಲಿ ಚತುಷ್ಪಾದಿಗಳ ಉಸಿರು ಹೆಜ್ಜೆಯ ಲಯಕ್ಕೆ ಕಟ್ಟುಬಿದ್ದಿರುವುದರಿಂದ ಏದುವುದಕ್ಕೆ ಆಸ್ಪದ ಕಡಿಮೆ. ಕಲಹರಿ ಮರುಭೂಮಿಯ ಸಾನ್ ಬೇಟೆಗಾರರು ಈ ಮರ್ಮವನ್ನು ಬಲ್ಲರು. ಸುಡುಬಿಸಿಲಿನಲ್ಲಿ ಕುಡು ಎಂಬ ಜಿಂಕೆಯಂಥ ಪ್ರಾಣಿಯನ್ನು ಗಂಟೆಗಟ್ಟಲೆ ನೆರಳಿಗೆ ನಿಲ್ಲಗೊಡದೆ ಅಟ್ಟಿ, ಅದು ಕುಸಿದಾಗ ಹಿಡಿಯುತ್ತಿದ್ದರು. ಕುದುರೆ ಮಾತ್ರ ನಮ್ಮಂತೆ ಧಾರಾಳವಾಗಿ ಬೆವರುತ್ತದೆ. ವೇಲ್ಸಿನಲ್ಲಿ 1980ರಲ್ಲಿ ಆರಂಭವಾದ ಮನುಷ್ಯ-ಕುದುರೆ ಪಂದ್ಯವನ್ನು ಮನುಷ್ಯನು ಮೊದಲು ಗೆದ್ದುದು 2004ರಲ್ಲಿ.

ಈ ಬಲಕ್ಕೂ ಎರಡು ಕಟ್ಟುಪಾಡುಗಳುಂಟು: ಮೈಯಲ್ಲಿ ನೀರಿರಬೇಕು, ಗಾಳಿ ಒಣಗಿರಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಮೈಯನ್ನು ತಣಿಸದು. ಮಳವಳ್ಳಿಯ ಕಬ್ಬಿನ ಗದ್ದೆಯಲ್ಲಿ ಗಾಳಿಯಾಡದ ಸಾಲುಗಳ ನಡುವೆ ಕಡಿಯುವವನಿಗೆ ಅಪಾಯ ಒದಗುವುದು ಹೀಗೆಯೇ. ಮಾತು ತಡವರಿಸಿ ಬುದ್ಧಿ ಮಂಕಾದರೆ ಅದನ್ನು ಬರಿಯ ಆಯಾಸವೆಂದು ತಿಳಿಯಬಾರದು. ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ, ವೈದ್ಯರ ನೆರವು ಪಡೆಯಬೇಕು.

ಇನ್ನೊಂದು ಮಾತು. ನಮ್ಮ ಹಳ್ಳಿಕಾರ್ ಎತ್ತು ದುಡಿಮೆಗೆ ಹೆಸರಾದುದು, ಬೆವರುವುದೂ ಉಂಟು. ಆದರೂ ಮಧ್ಯಾಹ್ನದ ಬಿಸಿಲಿನಲ್ಲಿ ಗಾಡಿ ಹೊಡೆಯುವವನು ತನ್ನ ಮೈಯ ಅಳತೆಯಿಂದ ಅದರ ತಾಳಿಕೆಯನ್ನು ಅಳೆಯಬಾರದು. ತನಗಿನ್ನೂ ದಣಿವಾಗಿಲ್ಲವೆಂಬುದು ಎತ್ತನ್ನು ನಡೆಸುವುದಕ್ಕೆ ಕಾರಣವಾಗದು.